ಗಾಜಿನ ಹೊಲದ ಕಮತ

ಎರೆಹೊಲದ ಊರಲ್ಲಿ ಗೊಬ್ಬರದ ಮಾತು ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50 ಕೆ.ಜಿ. ಚಿಕ್ಕನರಗುಂದದ ಕಟ್ಟೆಯ ಮೇಲೆ ಕೂತ ಯಾವ ಹಿರಿಯರನ್ನಾದರೂ ಕೇಳಿ, ಗೋವಿನಜೋಳಕ್ಕೆ ಎಷ್ಟು ಚೀಲ, ಹತ್ತಿಗೆ ಎಷ್ಟು ಚೀಲ ಎಂದು ಎಲೆಅಡಿಕೆ ಹಾಕಿಕೊಳ್ಳುತ್ತಲೇ ಹೇಳಿಬಿಡುತ್ತಾರೆ. ಅಂಥ ಊರಲ್ಲಿ ಗ್ರಾಮಿನ ಲೆಕ್ಕದಲ್ಲಿ ಗೊಬ್ಬರ ಹಾಕುವ ಒಕ್ಕಲಿಗನೊಬ್ಬ ಹುಟ್ಟಿಕೊಂಡಿದ್ದಾನೆ. ಅವನ ಹೊಲ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ನಾಲ್ಕೂ ಕಡೆ ಗಾಜು. ಸದಾ ನೀರಾವರಿ, 56 ಲೀಟರು.

ಇಂಥವನು ಈಗ ಎಲ್ಲ ಊರಲ್ಲೂ ಒಬ್ಬ ಸಿಗುತ್ತಾನೆ. ಬಿಎಸ್ಸಿ ಮುಗಿದಿರುತ್ತದೆ, ಧಾರವಾಡದಲ್ಲಿ ಕೋಚಿಂಗೂ ಮುಗಿದಿರುತ್ತದೆ, ಪರೀಕ್ಷೆಗಳು ಮಾತ್ರ ಮುಗಿಯುವುದಿಲ್ಲ. ಓದಿ ಓದಿ ಬೇಸರವಾಯಿತೆಂದು ಒಂದು ಮೀನಿನ ತೊಟ್ಟಿ ತರುತ್ತಾನೆ. ಮೊದಲ ತಿಂಗಳು ಮೀನು ಸಾಕುತ್ತಾನೆ. ಎರಡನೇ ತಿಂಗಳು ಪ್ಲಾಸ್ಟಿಕ್ ಗಿಡ ಕಿತ್ತು ಜೀವಂತ ಗಿಡ ನೆಡುತ್ತಾನೆ. ಅಲ್ಲಿಗೆ ಮೀನಿನ ಕಥೆ ಮುಗಿಯಿತು. ಆಮೇಲೆ ಅವು ಬರೀ ಹಿಕ್ಕೆ ಹಾಕಿ ಗಿಡಕ್ಕೆ ಸಾರಜನಕ, ರಂಜಕ ಒದಗಿಸುವ ದನಕರುಗಳು. ಗೋಡೆಯ ಮೇಲೆ ದೇವರ ಫೋಟೋದ ಪಕ್ಕ ತಕಾಶಿ ಅಮಾನೊ (1954–2015) ಬಂದು ಕೂರುತ್ತಾನೆ. ತೊಟ್ಟಿಯೊಳಗೆ ಗುಡ್ಡ, ಕಾಡು, ಹುಲ್ಲುಗಾವಲು ಕಟ್ಟಿ ತೋರಿಸಿದ ಜಪಾನಿನ ಮಹಾಶಯ. “ಇವರು ಯಾರ ಪೈಕಿ?” ಎಂದು ಬೀಗರು ಕೇಳಿಹೋಗಿದ್ದಾರೆ.

ಮೀನಿನ ಹಿಕ್ಕೆಯಲ್ಲಿ ಪೊಟ್ಯಾಷ್ ಸಾಲದು, ಕಬ್ಬಿಣವಂತೂ ಲೆಕ್ಕಕ್ಕಿಲ್ಲ ಎಂಬುದು ಗೊತ್ತಾದ ದಿನ ಅವನು ನರಗುಂದದ ಗೊಬ್ಬರದಂಗಡಿಗೆ ಹೋದ.

“ಹದಿಮೂರು-ಸೊನ್ನೆ-ನಲವತ್ತೈದು ಐತೇನ್ರಿ?”

“ಐತಿ. ಯಾವ ಬೆಳಿಗೆ? ಎಷ್ಟ ಎಕರೆ?”

“ಎರಡು ಫೂಟ್ರಿ.”

ಅಂಗಡಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಎಷ್ಟ ಬೇಕು?”

“ವಾರಕ್ಕ ಎರಡು ಗ್ರಾಂ ಸಾಕ್ರಿ.”

“ವಾಸನಿ ನೋಡಾಕ ಒಯ್ತೀಯೇನಪಾ?”

ತರಕಾರಿ, ದಾಳಿಂಬೆ ಬೆಳೆಯುವವರು ಹನಿ ನೀರಾವರಿಯಲ್ಲಿ ಬಿಡುವ ಪೊಟ್ಯಾಸಿಯಂ ನೈಟ್ರೇಟ್ ಅದು. ಕೊನೆಗೆ 1 ಕೆ.ಜಿ. ಪಾಕೀಟನ್ನೇ ಕೊಂಡ. ವಾರಕ್ಕೆ ಎರಡು ಗ್ರಾಮಿನಂತೆ 500 ವಾರಕ್ಕಾಯಿತು. ಅಂದರೆ ಒಂಬತ್ತೂವರೆ ವರ್ಷ. ಇವನ ಮದುವೆಯಾಗಿ, ಹುಟ್ಟಿದ ಕೂಸು ಸಾಲಿಗೆ ಹೋಗತೊಡಗಿದರೂ ಆ ಪಾಕೀಟಿನ ತಳ ಕಾಣುವುದಿಲ್ಲ. ತೂಗುವುದಕ್ಕೆ ಪತ್ತಾರರ ಅಂಗಡಿಯಲ್ಲಿರುವಂಥ ಬಂಗಾರ ತೂಗುವ ಪುಟ್ಟ ತಕ್ಕಡಿಯನ್ನೂ ತರಿಸಿದ. ಬಂಗಾರದ ತಕ್ಕಡಿ ಬಂತೆಂದು ಅವ್ವ ಎರಡು ದಿನ ಖುಷಿಯಲ್ಲಿದ್ದಳು.

ಲೆಕ್ಕ ಮಾತ್ರ ತಪ್ಪಿಲ್ಲ, ಅದನ್ನು ಒಪ್ಪಲೇಬೇಕು. 56 ಲೀಟರಿಗೆ ಒಂದು ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದರೆ ಲೀಟರಿಗೆ ಸುಮಾರು 11 ಮಿಲಿಗ್ರಾಂ ನೈಟ್ರೇಟ್ ಏರುತ್ತದೆ. ವಾರದಲ್ಲಿ 20ರ ಆಸುಪಾಸು ಸಿಕ್ಕರೆ ಗಿಡಕ್ಕೆ ಧಾರಾಳವಾಯಿತು. ಇದನ್ನು ಅವನು ನಿದ್ದೆಗಣ್ಣಲ್ಲೂ ಹೇಳುತ್ತಾನೆ. ಹೊಲದ ಉತಾರೆಯ ಸರ್ವೆ ನಂಬರು ಕೇಳಿ ನೋಡಿ, ಅಪ್ಪನ ಮುಖ ನೋಡುತ್ತಾನೆ.

ಒಮ್ಮೆ ಕಾಕಾ ಬಂದರು. ಎಲೆ ಹಳದಿಯಾಗಿವೆ ಎಂದು ಇವನು ಗಲ್ಲಕ್ಕೆ ಕೈಯಿಟ್ಟು ಕೂತಿದ್ದ. “ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂತೀಯೋ ತಮ್ಮಾ, ಒಂದು ಮುಷ್ಟಿ ಯೂರಿಯಾ ಉಗ್ಗು” ಎಂದವರೇ ಪಡಸಾಲೆಯಲ್ಲಿದ್ದ ಚೀಲಕ್ಕೆ ಕೈಹಾಕಿದರು. ಅವನು ತೊಟ್ಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತ ಭಂಗಿಯನ್ನು ಓಣಿಯ ಹುಡುಗರು ಈಗಲೂ ಆಡಿ ತೋರಿಸುತ್ತಾರೆ. ಅವನ ಗಾಬರಿಗೆ ಕಾರಣವಿತ್ತು. ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಕ್ಷಾರ ಹೆಚ್ಚಿರುವ ನಮ್ಮ ಸೀಮೆಯ ಗಡಸು ನೀರಿನಲ್ಲಿ ಅದರ ವಿಷ ಇನ್ನೂ ಜೋರು. ಕಾಕಾನ ಒಂದು ಮುಷ್ಟಿಗೆ ಬೆಳಗಾಗುವುದರೊಳಗೆ ಅಷ್ಟೂ ಮೀನು ಅಂಗಾತ ತೇಲುತ್ತಿದ್ದವು.

ಗಡಸು ನೀರಿನ ಇನ್ನೊಂದು ಕಾಟ ಕಬ್ಬಿಣದ್ದು. ಬರೀ ಕಬ್ಬಿಣದ ಉಪ್ಪು ಹಾಕಿದರೆ ಅದು ತುಕ್ಕಾಗಿ ತಳ ಸೇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಅದಕ್ಕೇ ಚೀಲೇಟ್ ಮಾಡಿದ ಕಬ್ಬಿಣ ಬೇಕು. ಅದರಲ್ಲೂ ಇಡಿಟಿಎ ಬಗೆಯದು ಇಂಥ ನೀರಿನಲ್ಲಿ ಬೇಗ ಕೈಕೊಡುತ್ತದೆ, ಇಡಿಡಿಎಚ್‌ಎ ಬಗೆಯದು ನಿಲ್ಲುತ್ತದೆ. ಓದಿಕೊಂಡವನು ಎರಡನೆಯದನ್ನೇ ತರಿಸಿದ. ಅದು ನೀರಿಗೆ ಕೆಂಬಣ್ಣ ಕೊಡುತ್ತದೆ ಎಂಬ ಸಾಲನ್ನು ಮಾತ್ರ ದಾಟಿಸಿ ಓದಿದ್ದ. ಮರುದಿನ ಆಯಿ ಕೋಲೂರಿಕೊಂಡು ಬಂದು ತೊಟ್ಟಿಯ ಮುಂದೆ ನಿಂತಳು. “ಯಾವ ಹಬ್ಬನೋ ಇದು? ಮೀನ ಓಕಳಿ ಆಡಾಕತ್ತಾವಲ್ಲೋ!”

ಓಕುಳಿಯಾದರೂ ಮನೆಯೊಳಗೇ ಮುಗಿಯಿತು. ಇಂಗಾಲದ ಡೈಆಕ್ಸೈಡ್ ಪ್ರಕರಣ ಓಣಿಗೇ ಬಂತು. ಗಾಳಿ ಸಾಲದಿದ್ದರೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ ಎಂದು ಎರಡು ಬಾಟಲಿಯಲ್ಲಿ ಸಕ್ಕರೆ ನೀರು, ಬೇಕರಿಯ ಈಸ್ಟ್ ಹಾಕಿ, ಸಲಾಯಿನ್ ನಳಿಕೆ ಜೋಡಿಸಿ ತೊಟ್ಟಿಗೆ ಬಿಟ್ಟ. ಗುಳುಗುಳು ಸದ್ದಾಯಿತು, ಗಿಡ ಚಿಗುರಿತು, ಹುಳಿವಾಸನೆ ಹಬ್ಬಿತು. ಕಳ್ಳಭಟ್ಟಿ ಇಳಿಸುತ್ತಿದ್ದಾನೆಂದು ಸುದ್ದಿಯಾಯಿತು. ಓಣಿಯವರು ಪೂರಾ ತಪ್ಪೇನೂ ಹೇಳಿರಲಿಲ್ಲ. ಸಕ್ಕರೆಯನ್ನು ಈಸ್ಟ್ ತಿಂದರೆ ಗಾಳಿಯ ಜೊತೆಗೆ ಹುಟ್ಟುವುದು ಅದೇ ಸರಕು. ಸಂಜೆ ಹೊತ್ತು ಇಬ್ಬರು ವಿಚಾರಿಸಿಕೊಂಡು ಹೋಗಲು ಬಂದಿದ್ದರಂತೆ, ಯಾವ ಉದ್ದೇಶಕ್ಕೆಂದು ಕೇಳಬೇಡಿ.

ಅಪ್ಪ ಇದನ್ನೆಲ್ಲ ನೋಡಿಯೂ ಸುಮ್ಮನಿದ್ದವರು. ಒಂದು ರಾತ್ರಿ ಮಗ ಅವರಿಗೆ ಲೀಬಿಗ್‌ನ ನಿಯಮ ವಿವರಿಸತೊಡಗಿದ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ. ಗಿಡಕ್ಕೆ ಬೇಕಾದದ್ದರಲ್ಲಿ ಯಾವುದು ಎಲ್ಲಕ್ಕಿಂತ ಕಮ್ಮಿ ಇದೆಯೋ ಅದರ ಮೇಲೇ ಬೆಳೆ ನಿಲ್ಲುತ್ತದೆ, ಉಳಿದದ್ದನ್ನು ಎಷ್ಟು ಸುರಿದರೂ ದಂಡ ಎಂಬುದು ಅವನ ಮಾತು. ಅಪ್ಪ ಜೋಳದ ರೊಟ್ಟಿ ಮುರಿಯುತ್ತ ಕೇಳಿದರು.

“ಖರೇ ಹೇಳ್ಯಾನ ನಿಮ್ಮ ಸಾಹೇಬ. ನಮಗ ಕಮ್ಮಿ ಇರೋದು ನೀರು.”

ಮಲಪ್ರಭೆಯ ಕಾಲುವೆ ನೀರಿನ ಕರದ ಜಗಳದಲ್ಲಿ 1980ರ ಜುಲೈನಲ್ಲಿ ಗೋಲಿಬಾರು ಕಂಡ ತಾಲ್ಲೂಕು ಇದು. ಮಹದಾಯಿ ನೀರಿಗಾಗಿ 2015ರಿಂದ ಪೆಂಡಾಲು ಹಾಕಿ ಕೂತ ಸೀಮೆ. ಇಲ್ಲಿ ಇವನು ಉಳಿದ ಗೊಬ್ಬರ ಹೆಚ್ಚಾಗಬಾರದೆಂದು ವಾರಕ್ಕೊಮ್ಮೆ ತೊಟ್ಟಿಯ ಅರ್ಧ ನೀರು ಚೆಲ್ಲಲು ಹೊರಟಾಗ ಅವ್ವ ಬಾಗಿಲಲ್ಲೇ ಬಕೆಟ್ಟು ಕಸಿದುಕೊಂಡಳು. ಆ 28 ಲೀಟರು ಅಂದಿನಿಂದ ಹಿತ್ತಿಲ ಕರಿಬೇವಿಗೆ. ನೈಟ್ರೇಟ್, ಪೊಟ್ಯಾಷ್, ಕಬ್ಬಿಣ ಎಲ್ಲ ಕರಗಿದ ನೀರು ಬೇರಿಗೆ ಬಿದ್ದ ಮೇಲೆ ಕೇಳಬೇಕೇ? ಅರ್ಧ ಓಣಿಯ ಒಗ್ಗರಣೆ ಆ ಗಿಡದ ಮೇಲೆ ನಡೆದಿದೆ.

ಇತ್ತ ಹೊಲದ ಮಣ್ಣಿನ ಆರೋಗ್ಯದ ಕಾರ್ಡು ಟ್ರಂಕಿನ ತಳದಲ್ಲಿ ಮಡಚಿಕೊಂಡೇ ಇದೆ. ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಪೊಟ್ಯಾಷ್ ಸಾಕಷ್ಟಿರುತ್ತದೆ, ಕೊರತೆ ಬೀಳುವುದು ಸತು, ಕಬ್ಬಿಣ. ತೊಟ್ಟಿಯ ಕಬ್ಬಿಣಕ್ಕೆ ಊರೂರು ತಿರುಗಿದವನು ಕಡಲೆಹೊಲ ಬೆಳ್ಳಗೆ ಹಳದಿಯಾದಾಗ ಅಪ್ಪನಿಗೆ ಹೇಳಿದ್ದು ಇಷ್ಟೇ: “ಇನ್ನೊಂದ ಚೀಲ ಡಿಎಪಿ ಉಗ್ಗೋಣೇನು?”

ಆ ಕಡೆ ಹೋದವರು ಅವನ ಮನೆಗೆ ಒಮ್ಮೆ ಹೋಗಿಬನ್ನಿ. ದಟ್ಟ ಕರಿಬೇವು ಕಂಡರೆ ಅದೇ ಮನೆ. ಮೀನು ಹೇಗಿವೆ ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾನೆ. ಗಿಡ ಹೇಗಿವೆ ಎಂದು ಕೇಳಿ, ಚಹಾ ಬರುತ್ತದೆ. ಆದರೆ ಸಂಜೆಯ ಕೊನೆಯ ಬಸ್ಸು ಹಿಡಿಯುವ ಆಸೆ ಇಟ್ಟುಕೊಳ್ಳಬೇಡಿ.