ಐಹೊಳೆಯ ಗುಡಿಯೂ ಉಳಿಯಲಿ, ಮನೆಯೂ ನಿಲ್ಲಲಿ

ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರು, ಸದಸ್ಯರು ಹಾಗೂ ಜಿಲ್ಲಾಡಳಿತದ ಅಧಿಕಾರಿಗಳಿಗೆ,

ವಸತಿ ಯೋಜನೆಯ ಫಲಾನುಭವಿಗಳನ್ನು ಆಯ್ಕೆ ಮಾಡಲು ಗ್ರಾಮಸಭೆ ಕೂಡುತ್ತದೆ. ಬೇರೆ ಊರುಗಳಲ್ಲಿ ಮನೆ ಯಾರಿಗೆ ಎಂಬುದು ಪ್ರಶ್ನೆ. ನಮ್ಮಲ್ಲಿ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ಮಂಜೂರಾದ ಮನೆಯನ್ನು ಕಟ್ಟುವುದೆಲ್ಲಿ? ಇದಕ್ಕೆ ಉತ್ತರ ಬೇಕೆಂದೇ ಈ ಪತ್ರ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಹೆಜ್ಜೆಗೊಂದು ಗುಡಿಯಿರುವ ಊರಿನಲ್ಲಿ ಈ ಗೆರೆಗಳು ಒಂದರೊಳಗೊಂದು ಸೇರಿ, ಓಣಿ ಓಣಿಗಳೇ ನಿಷೇಧಿತ ಪ್ರದೇಶಕ್ಕೆ ಬಂದಿವೆ.

ಕಾಯ್ದೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೇಗುತಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯದ ಕಥೆಯನ್ನು ನಾಡು ಓದಿದ್ದು ಆ ಕಲ್ಲಿನಿಂದ. ಅಂಥ ಕಲ್ಲಿನ ಪಕ್ಕ ಮೂರಂತಸ್ತಿನ ಕಾಂಕ್ರೀಟ್ ಕಟ್ಟಡ ಏಳುವುದು ನಮಗೂ ಬೇಡ. ಆದರೆ ಈ ಊರಿನಲ್ಲಿ ಗುಡಿ ಮತ್ತು ಬದುಕು ಎಂದೂ ಬೇರೆಯಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಲಾಡಖಾನ್ ಗುಡಿಗೆ ಹೆಸರು ಬಂದದ್ದು ಅದರೊಳಗೆ ಬಾಳಿದ ಒಬ್ಬ ಮುಸಲ್ಮಾನನಿಂದ.

ತೊಡಕು ಇರುವುದು ಎರಡು ಇಲಾಖೆಗಳ ನಿಯಮಗಳ ನಡುವೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವಿದೆ. ಅದು ಹೊಸ ಮನೆಗೆ, ಕನಿಷ್ಠ 25 ಚದರ ಮೀಟರ್ ಇರಬೇಕು. ಕೆಲಸದ ಹಂತ ಹಂತದ ಫೋಟೊ ಅಪ್‌ಲೋಡ್ ಆದರೆ ಮಾತ್ರ ಕಂತಿನ ಹಣ. ಇತ್ತ ಸ್ಮಾರಕ ಕಾಯ್ದೆಯ ಪ್ರಕಾರ 100 ಮೀಟರ್ ಒಳಗೆ ಹೊಸ ಮನೆಗೆ ಅನುಮತಿಯಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವಾದರೆ, ಅರ್ಜಿ ಹಾಕಿ ದುರಸ್ತಿ ಮಾತ್ರ ಮಾಡಿಸಿಕೊಳ್ಳಬಹುದು. ಅಂದರೆ ಹಣವಿರುವ ಕಡೆ ದುರಸ್ತಿಗೆ ಅವಕಾಶವಿಲ್ಲ, ದುರಸ್ತಿಗೆ ಅವಕಾಶವಿರುವ ಕಡೆ ಹಣವಿಲ್ಲ. ಇವೆರಡರ ನಡುವೆ ಸಿಕ್ಕಿಬಿದ್ದವರು ಊರಿನ ಅತಿ ಬಡವರು.

ದಯವಿಟ್ಟು ಮಳೆಗಾಲದಲ್ಲಿ ಒಮ್ಮೆ ನಮ್ಮ ಮನೆಗಳೊಳಗೆ ಬನ್ನಿ. ಕಲ್ಲು ಮಣ್ಣಿನ ಗೋಡೆ, ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗೆ ಮುನ್ನ ಸವಳು ಮಣ್ಣು ಹಾಕಿ ಬಡಿಯದಿದ್ದರೆ ಮಾಳಿಗೆ ಸೋರುತ್ತದೆ. ನೀರು ಕುಡಿದ ಜಂತಿಗೆ ಗೆದ್ದಲು ಹಿಡಿಯುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ನಾಲ್ಕು ಜಂತಿ ಬದಲಿಸಿ, ಒಂದು ಗೋಡೆಗೆ ಆಸರೆ ಕೊಟ್ಟರೆ ಆ ಮನೆ ಇನ್ನೊಂದು ತಲೆಮಾರು ನಿಲ್ಲುತ್ತದೆ. ಕೂಲಿಯಲ್ಲಿ ಬದುಕುವ ಮನೆಗೆ ಅಷ್ಟು ಖರ್ಚೂ ದೊಡ್ಡದೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಮೊದಲನೆಯದು, ದುರಸ್ತಿಗೆ ಸಹಾಯಧನ. ಸಂರಕ್ಷಿತ ಸ್ಮಾರಕಗಳ ಸುತ್ತಲಿನ ಮನೆಗಳಿಗಾಗಿ ರಾಜ್ಯದ ವಸತಿ ಯೋಜನೆಗಳಲ್ಲಿ ಪ್ರತ್ಯೇಕ ಅನುದಾನ ಇಡಬೇಕು. ಸ್ಥಳೀಯ ಕಲ್ಲು, ಮಣ್ಣು, ಮರದಲ್ಲೇ ಮಾಡುವ ಕೆಲಸವನ್ನು ಅದು ಒಪ್ಪಬೇಕು. ಇದರಿಂದ ಬಡವರಿಗೆ ಸೂರು ಗಟ್ಟಿಯಾಗುತ್ತದೆ, ಗುಡಿಯ ಪಕ್ಕದ ಓಣಿಯೂ ತನ್ನ ಚಹರೆ ಉಳಿಸಿಕೊಳ್ಳುತ್ತದೆ.

ಎರಡನೆಯದು, ಅರ್ಜಿಗೆ ಪಂಚಾಯಿತಿಯ ಆಸರೆ. ಮನೆ 1992ಕ್ಕಿಂತ ಹಳೆಯದು ಎಂದು ತೋರಿಸಲು ಬೇಕಾದ ಹಳೆಯ ಕರ ವಸೂಲಿ ದಾಖಲೆ ಇರಬೇಕಾದದ್ದು ಪಂಚಾಯಿತಿಯಲ್ಲೇ. ಒಬ್ಬೊಬ್ಬರೂ ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು, ನೀವೇ ಮನೆಮನೆಯ ಪಟ್ಟಿ ಮಾಡಿ ಅರ್ಜಿಗಳನ್ನು ಒಟ್ಟಾಗಿ ಕಳಿಸಿರಿ. ಅರ್ಜಿ ಸ್ವೀಕರಿಸಿದ ಅಧಿಕಾರಿ ಅದನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕೆಂದು ಸ್ಮಾರಕ ಕಾಯ್ದೆಯೇ ಹೇಳುತ್ತದೆ. ಆ ಗಡುವು ಪಾಲನೆಯಾಗುತ್ತಿದೆಯೇ ಎಂದು ಜಿಲ್ಲಾಡಳಿತ ವಿಚಾರಿಸಬೇಕು.

ಮೂರನೆಯದು, ಉಪವಿಧಿ. ಪ್ರತಿ ಸ್ಮಾರಕಕ್ಕೂ, ಸುತ್ತಲಿನ ಕಟ್ಟಡಗಳು ಹೇಗಿರಬೇಕೆಂದು ಹೇಳುವ ಪರಂಪರೆ ಉಪವಿಧಿ ರೂಪಿಸಬೇಕೆಂದು ಅದೇ ಕಾಯ್ದೆಯಲ್ಲಿದೆ. ಅದರ ಕರಡನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ, ನಮ್ಮ ಮಾತು ಕೇಳಿ, ಆಮೇಲೆ ಅಂತಿಮಗೊಳಿಸಬೇಕು.

ಇನ್ನು ಗುಡಿಗಳ ಸುತ್ತಲಿನ ಮನೆಗಳನ್ನು ಬೇರೆಡೆಗೆ ಸ್ಥಳಾಂತರಿಸುವ ವಿಷಯ. ವರ್ಷಗಳಿಂದ ಈ ಮಾತು ಊರಿನ ಮೇಲೆ ತೂಗುತ್ತಿದೆ. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿದಾಗ ಈ ಹೊಳೆದಂಡೆ ಪಟ್ಟ ಪಾಡು ನೋಡಿದವರಲ್ಲಿ ಬೇರೆಡೆ ಹೋಗಲು ಒಪ್ಪುವವರೂ ಇದ್ದಾರೆ. ಹೋಗುವವರಿಗೆ ನಿವೇಶನ, ದನದ ಕೊಟ್ಟಿಗೆಗೆ ಜಾಗ, ಹೊಲಕ್ಕೆ ಹತ್ತಿರದ ದಾರಿ, ನ್ಯಾಯವಾದ ಪರಿಹಾರ ಮೊದಲೇ ಸಿಗಲಿ. ಆದರೆ ಹೇಗೂ ಎಬ್ಬಿಸುವ ಊರು ತಾನೇ ಎಂದು ಇಂದಿನ ಸೋರುವ ಮಾಳಿಗೆಯನ್ನು ಯಾರೂ ಕಡೆಗಣಿಸಬಾರದು. ಉಳಿಯುವವರ ಒಪ್ಪಿಗೆಯಿಲ್ಲದೆ ಅವರ ಮನೆ ಮುಟ್ಟಬಾರದು.

ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ವಸತಿ ಮತ್ತು ಪುರಾತತ್ವ ಎರಡೂ ಕಡೆಯ ಅಧಿಕಾರಿಗಳನ್ನು ಒಂದೇ ದಿನ, ಒಂದೇ ಪಂಕ್ತಿಯಲ್ಲಿ ಕೂಡಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಇಷ್ಟು ದಿನ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಲು ಅವಕಾಶವಿತ್ತು. ಅವರಿಬ್ಬರ ಉತ್ತರವೂ ಸಭೆಯ ನಡಾವಳಿಯಲ್ಲಿ ದಾಖಲಾಗಲಿ.

ಇಂತಿ ತಮ್ಮ ವಿಶ್ವಾಸಿ,
ಐಹೊಳೆಯ ಒಬ್ಬ ನಿವಾಸಿ