ರಾಯನ ಕಾಲದಲ್ಲಿ ಕಾಫಿ ಎಲ್ಲಿತ್ತು ಮೇಷ್ಟ್ರೇ?

"ಏನೇ ಹೇಳಿ, ಹುಟ್ಟಿದ್ರೆ ಕೃಷ್ಣದೇವರಾಯನ ಕಾಲದಲ್ಲಿ ಹುಟ್ಟಬೇಕಿತ್ತು ಕಣ್ರೀ! ಮುತ್ತುರತ್ನ ಬೀದೀಲಿ ಸೇರಲ್ಲಿ ಅಳೀತಿದ್ರಂತೆ."

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಈ ಮಾತು ಹೇಳುವುದು ದರ್ಶಿನಿಯಲ್ಲಿ ನಿಂತು, ಮಸಾಲೆ ದೋಸೆಯ ಮೊದಲ ತುತ್ತಿಗೂ ಎರಡನೆಯದಕ್ಕೂ ನಡುವೆ. ನಾನು ಸುಮ್ಮನೆ ಅವರ ತಟ್ಟೆ ನೋಡುತ್ತೇನೆ. ದೋಸೆಯೊಳಗಿನ ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕ. ಕೆಂಪು ಚಟ್ನಿಯ ಮೆಣಸಿನಕಾಯಿಯೂ ಅಮೆರಿಕದ ಕಡೆಯದೇ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಇನ್ನು ಕಾಫಿ? ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ಬಚ್ಚಿಟ್ಟು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಕಥೆ 17ನೇ ಶತಮಾನದ್ದು. ರಾಯ ಆಳಿದ್ದು 1509ರಿಂದ 1529. ಅಂದಮೇಲೆ ರಾಯಚೂರು ಕೋಟೆ ಗೆದ್ದ ಮಹಾನುಭಾವನಿಗೆ ಒಂದು ಹಿಡಿ ಆಲೂಗಡ್ಡೆ ಪಲ್ಯ ಗೆಲ್ಲಲು ಆಗಲಿಲ್ಲ, ಪಾಪ!

"ಮತ್ತೆ ಬೆಳಿಗ್ಗೆ ಎದ್ದು ಏನು ಕುಡೀತಿದ್ದ?" ಎಂದು ಮೇಷ್ಟ್ರು ಕೆಣಕಿದರು. ಕೇಳಬಾರದಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಅದನ್ನೂ ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮುನ್ನ ಎದ್ದು ದೊಡ್ಡ ಲೋಟದಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದ! ಮೈಗೂ ಅದನ್ನೇ ಬಳಿದುಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಕತ್ತಿ ಬೀಸಿ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ಆಮೇಲೆ ಕುದುರೆ ಸವಾರಿ. ಇಷ್ಟೆಲ್ಲ ಸೂರ್ಯ ಮೂಡುವುದರೊಳಗೆ. ನಮ್ಮ ಮೇಷ್ಟ್ರಿಗೆ ಹಾಲಿನ ಪ್ಯಾಕೆಟ್ ತರಲು ಲಿಫ್ಟ್ ಬೇಕು.

ಅದೇ ಪಾಯೆಸ್ ಇನ್ನೊಂದು ಮಾತು ಬರೆದಿದ್ದಾನೆ: ರಾಯನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವಂತೆ. ಆನೆ, ಕುದುರೆ, ಕೊಪ್ಪರಿಗೆ ಹೊನ್ನು ಎಲ್ಲ ಇದ್ದವನಿಗೂ ಅಮ್ಮ ರಿಯಾಯಿತಿ ಕೊಡಲಿಲ್ಲ. ಮೇಷ್ಟ್ರ ತೋಳಿನ ಮೇಲೆ ದಾಕು ಹಾಕಿಸಿದ ಗುರುತು ಇಂದಿಗೂ ಇದೆ. ಸೂಜಿ ಕಂಡು ಓಡಿದವರನ್ನು ಹಿಡಿದು ತಂದು ಚುಚ್ಚಿಸಿದ್ದರಂತೆ. ಸಾಮ್ರಾಟನಿಗೆ ಸಿಗದ ಭಾಗ್ಯ ಸರ್ಕಾರಿ ಶಾಲೆಯ ಹುಡುಗನಿಗೆ ಬಿಟ್ಟಿಯಾಗಿ ಸಿಕ್ಕಿತು, ಅದೂ ಅಳುತ್ತಾ! 1977ರಲ್ಲಿ ಭಾರತ ಸಿಡುಬುಮುಕ್ತ ಎಂದು ಘೋಷಣೆಯಾಯಿತು. ಅವರ ಮೊಮ್ಮಕ್ಕಳಿಗೆ ಆ ದಾಕಿನ ಹಂಗೂ ಇಲ್ಲ.

ಹಾಗಂತ ಎಲ್ಲದರಲ್ಲೂ ನಾವೇ ಗೆದ್ದೆವು ಅನ್ನುವಂತಿಲ್ಲ. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ದಾಟುವ ಪಂದ್ಯವಿಟ್ಟರೆ ರಾಯನ ಕುದುರೆಯ ಮೇಲೇ ನಾನು ದುಡ್ಡು ಕಟ್ಟುವುದು.

ನನಗೆ ಮೋಜೆನಿಸುವುದು ಬೇರೆಯೇ. ಹಿಂದಿನ ಕಾಲಕ್ಕೆ ಹೊರಟವರೆಲ್ಲ ನೆಟ್ಟಗೆ ಆಸ್ಥಾನಕ್ಕೇ ನುಗ್ಗುತ್ತಾರೆ. ಒಬ್ಬರಾದರೂ ಪಲ್ಲಕ್ಕಿ ಹೊರಲು, ಲಾಯದ ಲದ್ದಿ ಬಾಚಲು, ಮಹಾನವಮಿ ದಿಬ್ಬಕ್ಕೆ ಕಲ್ಲು ಸಾಗಿಸಲು ಹೆಸರು ಕೊಟ್ಟದ್ದನ್ನು ನಾನು ಕಾಣೆ. ಎಲ್ಲರೂ ಮಂತ್ರಿ, ಕವಿ, ತೀರಾ ಅಂದರೆ ದಂಡನಾಯಕ. ಮೇಷ್ಟ್ರು ಅಷ್ಟದಿಗ್ಗಜರ ಸಾಲಿನಲ್ಲಿ ಒಂಬತ್ತನೇ ಆಸನ ಹಾಕಿಸಿಕೊಂಡೇ ಬಿಟ್ಟಿದ್ದಾರೆ.

ಇನ್ನೊಂದು ಸೋಜಿಗ. ಈ ಹಂಬಲ ಬಹುಪಾಲು ಗಂಡಸರದ್ದೇ. ಬೆಳಗಿನ ಜಾವ ರಾಗಿ ಬೀಸಿ, ಭತ್ತ ಕುಟ್ಟಿ, ಹಸಿ ಸೌದೆಯ ಒಲೆ ಊದಿ ಕಣ್ಣು ಕೆಂಪಾಗಿಸಿಕೊಂಡ ಯಾವ ಅಜ್ಜಿಯೂ "ಆ ಕಾಲವೇ ಚೆಂದ" ಅಂದದ್ದು ನನ್ನ ಕಿವಿಗೆ ಬಿದ್ದಿಲ್ಲ. ಅನುಮಾನವಿದ್ದರೆ ನಿಮ್ಮ ಮನೆಯಲ್ಲೇ ಕೇಳಿ, ಸೌಟು ಕೈಯಲ್ಲಿಲ್ಲದ ಹೊತ್ತು ನೋಡಿ ಕೇಳಿ.

ನಾನು ಮೇಷ್ಟ್ರ ಮನೆಯವರನ್ನೇ ಕೇಳಿದೆ. "ಮೇಷ್ಟ್ರು ವಿಜಯನಗರಕ್ಕೆ ಹೊರಟಿದ್ದಾರೆ, ನೀವೂ ಹೋಗ್ತೀರಾ ಅಮ್ಮಾ?"

ಅವರು ಕುಕ್ಕರಿನ ಮೂರನೇ ಕೂಗಿಗೆ ಕಿವಿಗೊಟ್ಟವರು ತಲೆ ಎತ್ತಲೇ ಇಲ್ಲ. "ಅವರು ಧಾರಾಳವಾಗಿ ಹೋಗಿಬರಲಿ. ಮಿಕ್ಸಿ ಇಲ್ಲೇ ಇರುತ್ತೆ ತಾನೆ?"