ಶಿಕಾರಿ ಕಾಕಾ ಮತ್ತು ಕೌಜುಗ ಹಿಡಿಯುವ ನಾಯಿ

ತೆಲಸಂಗ, ಅಥಣಿ, ಕಾಗವಾಡ, ರಾಯಬಾಗ, ಈ ಕಡೆಯ ಯಾವ ಊರಿಗೆ ಹೋದರೂ ಒಬ್ಬ ಶಿಕಾರಿ ಕಾಕಾ ಇದ್ದೇ ಇರುತ್ತಾರೆ. ತಲೆಗೆ ಬಿಳಿ ಟೋಪಿ, ಕಾಲಿಗೆ ಕರಕರ ಸಪ್ಪಳದ ಅಥಣಿ ಚಪ್ಪಲಿ, ಕೈಯಲ್ಲಿ ಸರಪಳಿ, ಸರಪಳಿಯ ಆಚೆ ತುದಿಗೆ ಒಂದು ಮುಧೋಳ ನಾಯಿ. ಬಂದೂಕು ಎಂದೋ ಹೋಗಿದೆ, ಬೇಟೆಯೂ ಹೋಗಿದೆ. ಉಳಿದದ್ದು ನಾಯಿ ಮತ್ತು ನಾಲಗೆ. ಚಹಾದಂಗಡಿಯ ಮುಂದೆ ಕೂತವರಲ್ಲಿ ಯಾರಾದರೂ ಆ ನಾಯಿಯ ಕಡೆ ಅಪ್ಪಿತಪ್ಪಿ ಕಣ್ಣು ಹಾಯಿಸಿದರೆ ಅವನ ಮುಂಜಾನೆ ಮುಗಿದಂತೆಯೇ. ಕಾಕಾ ಮೊದಲು ನಾಯಿಯ ತುಟಿ ಎತ್ತಿ ಹಲ್ಲು ತೋರಿಸುತ್ತಾರೆ. ಆಮೇಲೆ ಸೊಂಟದ ಎರಡು ಎಲುಬುಗಳ ನಡುವೆ ಬೆರಳಿಟ್ಟು ಅಗಲ ಅಳೆಯುತ್ತಾರೆ. ಬಾಲವನ್ನು ಹಿಂಗಾಲಿನ ಕಡೆ ಎಳೆದು ಎಲ್ಲಿಗೆ ಮುಟ್ಟಿತು ನೋಡು ಅನ್ನುತ್ತಾರೆ. ಈ ತಪಾಸಣೆಗೆ ಬೇಸತ್ತ ನಾಯಿ ಬೇರೆ ಕಡೆ ಮುಖ ತಿರುಗಿಸಿಕೊಂಡು ನಿಂತಿರುತ್ತದೆ. ಕೊನೆಗೆ ಮಾತು ಬಂದು ನಿಲ್ಲುವುದು ಹಕ್ಕಿ ಶಿಕಾರಿಗೇ. “ತಮ್ಮಾ, ಛಲೋ ನಾಯಿ ಇಲ್ಲಂದ್ರ ಹಕ್ಕಿ ಬ್ಯಾಟಿಗಿ ಹೋಗೂದ ಬ್ಯಾಡ. ಬಂದೂಕಿನ ಕೆಲಸ ನಾಕಾಣೆ, ನಾಯಿ ಕೆಲಸ ಹನ್ನೆರಡಾಣೆ.” ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಪಂಚಾಯಿತಿ ಇರುವುದೂ ಅಲ್ಲೇ. ಈ ಒಂದು ಮಾತು ನಿಜವಾದಷ್ಟೂ ಕಾಕಾರ ಉಳಿದ ಮಾತುಗಳು ಸುಳ್ಳಾಗುತ್ತಾ ಹೋಗುತ್ತವೆ.

ಹನ್ನೆರಡಾಣೆ ಯಾಕೆ ಎಂಬುದಕ್ಕೆ ಕೌಜುಗವೇ ಸಾಕ್ಷಿ. ಬದುವಿನ ಕಂಟಿ, ಜಾಲಿಗಿಡದ ಬುಡ, ಹೊಲದ ಅಂಚು ಅದರ ಠಿಕಾಣಿ. ಮನುಷ್ಯನ ಹೆಜ್ಜೆ ಸಪ್ಪಳಕ್ಕೆ ಅದು ಒಮ್ಮೆಲೇ ಹಾರುವುದಿಲ್ಲ; ತಲೆ ತಗ್ಗಿಸಿ ಬದುವಿನಗುಂಟ ಓಡುತ್ತದೆ. ತೀರ ಮೈಮೇಲೆ ಹೋದಾಗ ಭರ್ರನೆ ಎದ್ದು, ಎತ್ತರಕ್ಕೇರದೆ ಸ್ವಲ್ಪ ದೂರ ಹಾರಿ, ಮತ್ತೊಂದು ಕಂಟಿಯಲ್ಲಿ ಇಳಿದು ಮತ್ತೆ ಓಟ. ಬುರ್ಲಿಯಂತೂ ಕಾಲಿಗೆ ತಾಗುವವರೆಗೂ ಮಣ್ಣಿನ ಬಣ್ಣದಲ್ಲಿ ಮರೆಯಾಗಿ ಕೂತೇ ಇರುತ್ತದೆ. ಇವನ್ನು ಬರೀ ಕಣ್ಣಿನಿಂದ ಹುಡುಕಿ ಪೂರೈಸುವುದಿಲ್ಲ, ಮೂಗು ಬೇಕು. ಅದೂ ಚಳಿಗಾಲದ ಮುಂಜಾನೆ, ಬಿಳಿಜೋಳದ ಎಲೆಯ ಮೇಲೆ ಇಬ್ಬನಿ ಇರುವಷ್ಟು ಹೊತ್ತು. ಬಿಸಿಲೇರಿ ಎರೆಮಣ್ಣು ಒಣಗಿತೆಂದರೆ ವಾಸನೆಯೂ ಹೋಯಿತು. ಇಂಗ್ಲೆಂಡಿನವರು ಇದಕ್ಕೆಂದೇ ಕೆಲಸ ಹಂಚಿ ತಳಿ ಬೆಳೆಸಿದರು. ಪಾಯಿಂಟರ್ ವಾಸನೆ ಹಿಡಿದು ಒಂದು ಕಾಲೆತ್ತಿ ಅಲ್ಲಾಡದೆ ನಿಲ್ಲಬೇಕು, ಸೆಟ್ಟರ್ ನೆಲಕ್ಕೆ ಕುಗ್ಗಬೇಕು, ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸಬೇಕು, ರಿಟ್ರೀವರ್ ಬಿದ್ದ ಹಕ್ಕಿಯನ್ನು ಹಲ್ಲೂರದೆ ತಂದು ಕೈಗೆ ಕೊಡಬೇಕು. ಎಲ್ಲಕ್ಕಿಂತ ಹೆಚ್ಚಿನ ಬೆಲೆ ಈ ಕೊನೆಯ ಕೆಲಸಕ್ಕೆ. ಚರೆ ತಾಗಿ ಬಿದ್ದ ಕೌಜುಗ ಸತ್ತೇ ಬಿದ್ದಿರುತ್ತದೆ ಎಂದೇನಿಲ್ಲ. ರೆಕ್ಕೆ ಮುರಿದರೂ ಕಾಲು ನೆಟ್ಟಗಿರುತ್ತದೆ. ಅದು ಕಬ್ಬಿನ ಪಡ ಹೊಕ್ಕರೆ ಮನುಷ್ಯನ ಕೈಗೆ ಸಿಗುವುದಿಲ್ಲ. ಅಲ್ಲೇ ನರಳಿ ಸಾಯುತ್ತದೆ ಇಲ್ಲವೆ ನರಿಯ ಪಾಲಾಗುತ್ತದೆ. ಅದನ್ನು ಹುಡುಕಿ ತರುವ ನಾಯಿ ಬೇಟೆಗಾರನ ಬುತ್ತಿಯನ್ನಷ್ಟೇ ಅಲ್ಲ, ಅವನ ಮರ್ಯಾದೆಯನ್ನೂ ಉಳಿಸುತ್ತದೆ.

ಈಗ ಕಾಕಾರ ನಾಯಿಯ ವಿಚಾರ. ಅದರ ವಂಶದ ಬಗ್ಗೆ ಕಾಕಾ ಹೇಳುವುದರಲ್ಲಿ ಎರಡು ಮಾತಿಲ್ಲ. ಕೃಷ್ಣೆ ದಾಟಿ ಜಮಖಂಡಿ ಮೇಲೆ ಹೋದರೆ ಮುಧೋಳ. ಅಲ್ಲಿನ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಕಳೆ ತಂದು, ಒಂದು ಜೋಡಿ ಮರಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕೊಟ್ಟ ಸಂಗತಿ ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. 2005ರ ಜನವರಿ 9ರಂದು ಅಂಚೆ ಇಲಾಖೆ ಇದರ ಚಿತ್ರದ ಚೀಟಿ ಹೊರಡಿಸಿತು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಇದಕ್ಕೆಂದೇ ಒಂದು ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಇದರ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಇಷ್ಟೆಲ್ಲ ದೊಡ್ಡಸ್ತಿಕೆ ಇದ್ದರೂ ಒಂದು ಮಾತು ಬದಲಾಗುವುದಿಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಆ ಉದ್ದನೆಯ ತಲೆ, ಆಳವಾದ ಎದೆ, ಬೆನ್ನಿಗೆ ಹತ್ತಿದ ಹೊಟ್ಟೆ, ತೆಳ್ಳನೆಯ ಕಾಲು, ಇವೆಲ್ಲ ಬಟಾಬಯಲಿನಲ್ಲಿ ಎದ್ದೋಡುವ ಮೊಲವನ್ನು ಕಂಡು, ಬೆನ್ನಟ್ಟಿ, ಹಿಡಿಯಲು ಆದ ರಚನೆ. ಕಂಡದ್ದರ ಹಿಂದೆ ಓಡುವುದೇ ಅದರ ಧರ್ಮ. ಕಾಣದ ಹಕ್ಕಿಯ ವಾಸನೆ ಹಿಡಿದು, ಕಂಟಿಯ ಮುಂದೆ ಉಸಿರು ಬಿಗಿಹಿಡಿದು, ಯಜಮಾನ ಏದುಸಿರು ಬಿಡುತ್ತಾ ಬರುವವರೆಗೆ ಕಾಯುವುದು ಅದಕ್ಕೆ ಯಾವ ಜನ್ಮದಲ್ಲೂ ಒಗ್ಗದ ಕೆಲಸ. ಮೂಗು ಎಷ್ಟುದ್ದ ಐತಿ ನೋಡು ಎಂದು ಕಾಕಾ ಸಾಕ್ಷಿ ಕೊಡುತ್ತಾರೆ. ಮೂಗಿನ ಉದ್ದಕ್ಕೂ ವಾಸನೆ ಹಿಡಿಯುವ ಬುದ್ಧಿಗೂ ಸಂಬಂಧವಿದ್ದಿದ್ದರೆ ಕಾಕಾರೂ ಸುಮಾರು ವಾಸನೆ ಹಿಡಿಯುತ್ತಿದ್ದರು.

ಆದರೂ ಕಾಕಾರ ಕಥೆಯಲ್ಲಿ ನಾಯಿ ಇದನ್ನೆಲ್ಲ ಮಾಡುತ್ತದೆ. ಕಥೆ ಒಂದೇ, ಅದನ್ನು ಕೇಳದವರು ಊರಲ್ಲಿ ಒಬ್ಬರೂ ಇಲ್ಲ. ಮಂಜು ಮುಸುಕಿದ ಮುಂಜಾನೆ. ಹಳ್ಳದ ದಂಡೆ. ಕಾಕಾರ ನಾಯಿ ರಾಜಾ ಒಂದು ಕಂಟಿಯ ಮುಂದೆ ಕಾಲೆತ್ತಿ ನಿಂತ. ಕಾಕಾ ಕಣ್ಣಿನಿಂದ ಸನ್ನೆ ಮಾಡಿದರು. ರಾಜಾ ಕಂಟಿ ಹೊಕ್ಕ, ಹಕ್ಕಿ ಎದ್ದವು, ಢಂ ಎಂದಿತು, ನಾಲ್ಕು ಬಿದ್ದವು. ರಾಜಾ ನಾಲ್ಕನ್ನೂ ಒಂದೇ ಸಲಕ್ಕೆ ಬಾಯಲ್ಲಿ ಕಚ್ಚಿ ತಂದ, ಒಂದಕ್ಕೂ ಹಲ್ಲು ತಾಗಿರಲಿಲ್ಲ. ಸಂತೆಯ ದಿನ, ಪರ ಊರಿನವರು ಸುತ್ತ ಕೂತಾಗ, ನಾಲ್ಕು ಒಂಬತ್ತಾಗುತ್ತವೆ. ಬಾಯಿ ಮಾತ್ರ ಒಂದೇ ಇರುತ್ತದೆ. ಇಂಗ್ಲೆಂಡಿನವರು ನಾಲ್ಕು ತಳಿಗೆ ಹಂಚಿದ ಕೆಲಸವನ್ನು ಒಂದೇ ನಾಯಿಯಿಂದ ಮಾಡಿಸಿದ ಕೀರ್ತಿ ಹೀಗೆ ತೆಲಸಂಗಕ್ಕೆ ಸಲ್ಲುತ್ತದೆ. ಕೇಳುವವರಲ್ಲಿ ಅರಣ್ಯ ಇಲಾಖೆಯವರು ಯಾರಾದರೂ ಇರಬಹುದೆಂಬ ಗುಮಾನಿಯಿಂದ ಕಾಕಾ ಕೊನೆಗೊಂದು ಷರಾ ಸೇರಿಸುತ್ತಾರೆ: “ಇದೆಲ್ಲಾ ಕಾಯ್ದೆ ಬರೂ ಮೊದಲಿಂದು ಮತ್ತ.” ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಲೆಕ್ಕ ಹಾಕಿದರೆ ಕಾಕಾ ಆಗ ಕನ್ನಡ ಶಾಲೆಯ ಮೂರನೆಯ ಇಯತ್ತೆಯಲ್ಲಿರಬೇಕು. ಮೂರನೆಯ ಇಯತ್ತೆಯ ಹುಡುಗ ಜೋಡು ನಳಿಗೆ ಬಂದೂಕು ಹಾರಿಸಿದ್ದು, ನಾಯಿ ನಾಲ್ಕು ಹಕ್ಕಿ ಕಚ್ಚಿ ತಂದದ್ದಕ್ಕಿಂತ ದೊಡ್ಡ ಸುದ್ದಿ. ಅದನ್ನು ಮಾತ್ರ ಕಾಕಾ ಹೇಳುವುದಿಲ್ಲ.

ಕಾಕಾರ ಪರ ವಕಾಲತ್ತು ಹಾಕುವವರೂ ಇದ್ದಾರೆ. ಜೋಳ ಕೊಯ್ಯುವಾಗ ನಮ್ಮ ನಾಯಿಗಳು ಬುರ್ಲಿ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇವೆ ಅನ್ನುತ್ತಾರೆ. ಇರಬಹುದು. ಕೊಯ್ಲಿನ ಹೊಲದ ಕೊನೆಯ ಸಾಲಿಗೆ ಸಿಕ್ಕಿಬಿದ್ದ ಹಕ್ಕಿಯನ್ನು ಬೀದಿನಾಯಿಯೂ ಹಿಡಿದೀತು, ಬೆಕ್ಕೂ ಹಿಡಿದೀತು. ಅದರಿಂದ ಬೆಕ್ಕು ಪಾಯಿಂಟರ್ ಆಗುವುದಿಲ್ಲ. ಸೀಮೆ ನಾಯಿಗಿಂತ ನಮ್ಮ ನಾಯಿಯೇ ಮೇಲು ಎಂಬ ಇನ್ನೊಂದು ವಾದಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಈ ಬಿಸಿಲು, ಈ ನೆಗ್ಗಿನಮುಳ್ಳು, ಈ ಉಣ್ಣೆಗಳ ನಡುವೆ ದಟ್ಟ ಕೂದಲಿನ ಸ್ಪ್ಯಾನಿಯಲ್ ಬಾಳುವುದು ಕಷ್ಟ; ಮುಧೋಳದ್ದು ನುಣುಪು ಮೈ, ಬಾಳಿಕೆಯ ಜೀವ. ಆದರೆ ಬದುಕಿ ಉಳಿಯುವುದು ಬೇರೆ, ಹಕ್ಕಿ ತೋರಿಸುವುದು ಬೇರೆ. ಓದಿದ ಹುಡುಗರು ಆತಕೂರಿನ ಶಾಸನವನ್ನೇ ಎತ್ತುತ್ತಾರೆ. ಹತ್ತನೆಯ ಶತಮಾನದ ನಡುವೆ ಗಂಗರ ಬೂತುಗ ತನ್ನ ಕಾಳಿ ಎಂಬ ನಾಯಿಯನ್ನು ವೀರ ಮಣಲೆರನಿಗೆ ಕೊಟ್ಟದ್ದು, ಅದು ಕಾಡುಹಂದಿಯೊಡನೆ ಕಾದಾಡಿ ಹಂದಿಯನ್ನೂ ಕೊಂದು ತಾನೂ ಸತ್ತದ್ದು, ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟದ್ದು ಎಲ್ಲ ಅದರಲ್ಲಿದೆ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕನ್ನಡ ನಾಡು ನಾಯಿಯ ಬೆಲೆ ಅರಿತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಕಾಳಿಗೆ ಕಲ್ಲು ಸಿಕ್ಕಿದ್ದು ನುಗ್ಗಿದ್ದಕ್ಕೆ. ಹಕ್ಕಿ ನಾಯಿಯ ದೊಡ್ಡ ಗುಣ ನುಗ್ಗದೆ ನಿಲ್ಲುವುದು. ಸುಮ್ಮನೆ ನಿಂತ ನಾಯಿಗೆ ಯಾವ ರಾಜನೂ ವೀರಗಲ್ಲು ಹಾಕಿಸಿದ್ದು ನನಗಂತೂ ಗೊತ್ತಿಲ್ಲ. ನುಗ್ಗುವ ನಾಯಿಯನ್ನೇ ಮೆಚ್ಚಿ ಬೆಳೆದ ಸೀಮೆ ನಮ್ಮದು. ಆ ಮೆಚ್ಚುಗೆಗೆ ತಕ್ಕ ನಾಯಿಯೇ ನಮಗೆ ಸಿಕ್ಕಿದೆ. ಇನ್ನು ನಾಯಿಯೇ ಇಲ್ಲದ ನಾನು ನಾಯಿಯ ಬಗ್ಗೆ ಇಷ್ಟುದ್ದ ವಾದ ಹೂಡಿರುವುದನ್ನು ನೋಡಿದರೆ ಕಾಕಾರ ರೋಗ ಸಣ್ಣಗೆ ಅಂಟಿಕೊಂಡಿದೆ ಎಂದೇ ಕಾಣುತ್ತದೆ.

ಬೇಟೆಯೇ ನಿಂತ ಮೇಲೆ ಈ ತಕರಾರು ಯಾಕೆ ಎಂದು ಕೇಳಬಹುದು. ನಿಂತದ್ದು ನಿಜ. 1991ರ ತಿದ್ದುಪಡಿಯ ಮೇಲೆ ಪರವಾನಗಿಯ ಶಿಕಾರಿಯೂ ಹೋಯಿತು. ಕಾಯ್ದೆ ಬೇಟೆ ಅನ್ನುವುದು ಕೊಲ್ಲುವುದನ್ನಷ್ಟೇ ಅಲ್ಲ. ನಾಯಿ ಬಿಟ್ಟು ಬೆನ್ನಟ್ಟಿಸುವುದು, ಅಟ್ಟುವುದು, ಉರುಳು ಹಾಕುವುದು, ಅದಕ್ಕೆ ಯತ್ನಿಸುವುದು ಸಹ ಬೇಟೆಯೇ. ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಕೈ ಹಚ್ಚಿದರೂ ಅದೇ ಗುನ್ನೆ. ಇದು ಒಳ್ಳೆಯದೇ ಆಯಿತು. ಬದುಗಳು ಕಿರಿದಾಗಿ, ಕಂಟಿಗಳು ಮಾಯವಾಗಿ, ಹೊಲದ ಅಂಚಿನವರೆಗೂ ದ್ರಾಕ್ಷಿ ಪಡ, ಕಬ್ಬು ಬಂದ ಮೇಲೆ ಕೌಜುಗಕ್ಕೆ ನಿಲ್ಲಲು ಜಾಗವೇ ಕಡಿಮೆ. ಅದರ ಮೇಲೆ ನಾವೂ ಬೇಡ. ಆದರೆ ಈ ಕಥೆಯ ದಂಡ ತೆರುತ್ತಿರುವುದು ನಾಯಿ. ಮೈಲಿಗಟ್ಟಲೆ ಬಯಲು ಓಡಲೆಂದು ಹುಟ್ಟಿದ ಜೀವ ಒಣದ್ರಾಕ್ಷಿ ಶೆಡ್ಡಿನ ಕಂಬಕ್ಕೆ ಕಟ್ಟಿಸಿಕೊಂಡು, ಹಗಲೆಲ್ಲ ತಾನು ಮಾಡದ ಶಿಕಾರಿಯ ಹೊಗಳಿಕೆ ಕೇಳುತ್ತಾ, ಕಾಲು ಚಾಚಿ ಮಲಗಿರುತ್ತದೆ. ಅದರ ಕೊರಳಿನ ಸುತ್ತ ಸರಪಳಿ ಉಜ್ಜಿ ಕೂದಲು ಉದುರಿದ ಪಟ್ಟಿಯೊಂದು ಕಾಣುತ್ತದೆ. ಕಾಕಾ ಅದಕ್ಕೆ ಹಾಲು, ರೊಟ್ಟಿ, ತತ್ತಿ ಯಾವುದಕ್ಕೂ ಕಡಿಮೆ ಮಾಡಿಲ್ಲ; ತಾವು ಉಣ್ಣುವ ಮೊದಲು ಅದಕ್ಕೆ ಹಾಕುತ್ತಾರೆ, ಅದಕ್ಕೆ ಜ್ವರ ಬಂದರೆ ತಾವೂ ಊಟ ಬಿಡುತ್ತಾರೆ. ಪ್ರೀತಿಯಲ್ಲಿ ಕೊರತೆ ಇಲ್ಲ, ಓಟದಲ್ಲಿ ಇದೆ.

ಹಾಗಾಗಿ ಕಾಕಾರ, ಒಂದು ಮಾತು. ಕಥೆ ನಡೆಯಲಿ, ನಾಲ್ಕು ಹಕ್ಕಿ ನಲವತ್ತಾಗಲಿ, ಚಹಾದ ಬಿಲ್ಲನ್ನು ನಾವೇ ಕೊಡುತ್ತೇವೆ. ಆದರೆ ದಿನಾ ಮುಂಜಾನೆ ಬಿಸಿಲೇರುವ ಮೊದಲು, ಬೇಲಿ ಇರುವ ಯಾವುದಾದರೂ ಖಾಲಿ ಹೊಲದೊಳಗೆ, ಮೊಲ ಕೌಜುಗ ಇಲ್ಲದ್ದನ್ನು ನೋಡಿಕೊಂಡು, ರಾಜಾನ ಸರಪಳಿ ಅರ್ಧ ತಾಸು ಬಿಚ್ಚಿರಿ.